ಒಬ್ಬಟ್ಟಿನ ಪಕ್ಕದ ಉಪ್ಪಿನಕಾಯಿ

ಕಳಲೆಯ ಚನ್ನಾಜಮ್ಮ ಮಗನಿಗೆ ಎಡೆ ಇಟ್ಟವರಲ್ಲ. ಕಬಿನಿ ಉಕ್ಕಿದಾಗ ದಡದ ಪಂಪು ಮೇಲೆತ್ತಲು ಇಳಿದ ಅಮೃತೇಶನ ಹೆಣ ಸಿಕ್ಕಿರಲಿಲ್ಲ. ಪಿತೃಪಕ್ಷದಲ್ಲಿ ಊರೆಲ್ಲ ಸತ್ತವರ ಪಟದ ಮುಂದೆ ಎಲೆ ಹಾಕಿ ಅವರಿಗಿಷ್ಟವಾದದ್ದನ್ನು ಬಡಿಸಿದರೆ, ಈಕೆ ಗಂಡ ಕಲ್ಲಯ್ಯನಿಗಷ್ಟೇ ಬಡಿಸಿ ಎದ್ದುಬಿಡುತ್ತಿದ್ದರು. ಎಡೆ ಇಟ್ಟರೆ ಮಗ ಸತ್ತನೆಂದು ಒಪ್ಪಿದ ಹಾಗೆ. ಅತ್ತೆ ಒಪ್ಪದೆ ಸೊಸೆ ಪವಿತ್ರ ಬಾಯಿಬಿಟ್ಟು ಅಳುವಂತಿರಲಿಲ್ಲ. ಅಪ್ಪ ಯಾವಾಗ ಬರ್ತಾರೆ ಅಂತ ಮಗಳು ಕೇಳಿದಾಗಲೆಲ್ಲ ಏನೋ ಒಂದು ಸುಳ್ಳು ಹೇಳಿ, ಆಮೇಲೆ ಆ ಸುಳ್ಳು ಮಗುವಿನ ತಲೆಯಲ್ಲಿ ಏನಾಗಿ ಬೆಳೆಯುತ್ತದೋ ಎಂದು ಹೆದರುತ್ತಿದ್ದಳು.

ಅಂಥ ಮನೆಯ ಬಾಗಿಲಿಗೆ ಸಿನಿಮಾದವರು ಬಂದರು. ತಾಯಿಯ ಪಾತ್ರದ ನಟಿ ಕೈಕೊಟ್ಟಿದ್ದಳಂತೆ. ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಚನ್ನಾಜಮ್ಮನೇ ಆಗಬಹುದೆಂದರು. ಕಥೆಯಲ್ಲಿ ತಾಯಿ ಸತ್ತ ಮಗನಿಗೆ ಎಡೆ ಇಡುವುದಿದೆ ಎಂದು ತಿಳಿದು ಪವಿತ್ರ ಬೇಡವೇ ಬೇಡವೆಂದಳು.

"ಯಾರ್ ಮಗನೋ ಏನೋ. ನಂಗೇನವ್ವ?" ಎಂದು ಅತ್ತೆ ಸೆರಗು ಸಿಕ್ಕಿಸಿಕೊಂಡು ಹೊರಟೇಬಿಟ್ಟರು.

ಸಿನಿಮಾ ತಿ. ನರಸೀಪುರಕ್ಕೆ ಬಂದಾಗ ಊರವರೆಲ್ಲ ಬಸ್ಸು ಹತ್ತಿದರು. ಅದೋ, ಆಮೆನಡಿಗೆಯ ಸಿನಿಮಾ. ಅದರಲ್ಲಿ ಯಾರೋ ಬಾಗಿಲು ಬಡಿದರೆ ಎಷ್ಟು ಹೊತ್ತಾದರೂ ತೆರೆಯುವವರೇ ಇಲ್ಲ. "ಬಾಗ್ಲ ಬ್ಯಾಗ ತಗೀರ್ಲಾ, ನಂಜನಗೂಡು ಬಸ್ ಓಯ್ತದೆ" ಎಂದು ಹಿಂದಿನ ಸಾಲಿನಿಂದ ಗುರುಮಲ್ಲಪ್ಪ ಗೊಣಗಿ ಎಲ್ಲರನ್ನೂ ನಗಿಸಿದ. ಚನ್ನಾಜಮ್ಮ ತೆರೆಯ ಮೇಲೆ ಬಂದರೆ ಮಾತ್ರ ಅದೇ ಜನ ತೆಪ್ಪಗಾಗುತ್ತಿದ್ದರು.

ಎಡೆಯ ದೃಶ್ಯ ಬಂತು. ಆಕೆ ಅಳಲಿಲ್ಲ. ಎಲೆ ಒರೆಸಿ ಪಲ್ಯ, ಅನ್ನ, ಒಬ್ಬಟ್ಟು ಬಡಿಸಿ ತುಪ್ಪ ಹಾಕಿದರು. ಏಳಹೋದವರು ಮತ್ತೆ ಕೂತು, ಜಾಡಿಗೆ ಕೈಹಾಕಿ, ಮಾವಿನ ಉಪ್ಪಿನಕಾಯಿಯ ಒಂದು ಹೋಳನ್ನು ಒಬ್ಬಟ್ಟಿನ ಪಕ್ಕ ಇಟ್ಟರು.

ಒಬ್ಬಟ್ಟಿಗೆ ಉಪ್ಪಿನಕಾಯಿ ನಂಚಿಕೊಳ್ಳುತ್ತಿದ್ದವನು ಪವಿತ್ರ ಕಂಡಂತೆ ಒಬ್ಬನೇ. ಮದುವೆಯಾದ ಹೊಸತರಲ್ಲಿ ಅದಕ್ಕಾಗಿ ಅವನನ್ನು ಎಷ್ಟು ಆಡಿಕೊಂಡಿದ್ದಳು! ತಿರುಗಿ ನೋಡಿದಳು. ಅತ್ತೆ ತೆರೆಯ ಮೇಲಿನ ತಮ್ಮ ಕೈಯನ್ನೇ ನೋಡುತ್ತಿದ್ದರು. ಯಾರೋ ಚಪ್ಪಾಳೆ ತಟ್ಟಿದರು.

ವಾಪಸು ಬಸ್ಸಿನಲ್ಲಿ ಮಗು ಮಡಿಲಲ್ಲಿ ನಿದ್ದೆಹೋಯಿತು. ಅತ್ತೆ ಮೆಲ್ಲಗೆ, "ಎಡೆ ಇಕ್ಬುಟ್ಟೆ ಕಣವ್ವ" ಎಂದರು.

ಈ ಮಾತಿಗಾಗಿಯೇ ಕಾದಿದ್ದ ಪವಿತ್ರ, ಏಕೋ ಏನೋ, ತಡೆಯಲು ನೋಡಿದಳು. "ಅದು ಸಿನಿಮಾ ಅಲ್ವಾ ಅತ್ತೆ."

"ಅಂಗಾರೆ ಉಪ್ಪಿನಕಾಯ ಯಾರ್ಗಿಕ್ದೆ?"

ಬಸ್ಸು ನಂಜನಗೂಡು ಸಮೀಪಿಸಿದಾಗ ಅತ್ತೆ, ಮಗೀಗೆ ಹೇಳ್ಬುಡು, ಅಂದರು. ಮಗಳಿಗೆ ಹೇಳಬೇಕಾದ್ದನ್ನು ಪವಿತ್ರ ಮನಸ್ಸಿನಲ್ಲೇ ಎಷ್ಟೋ ಸಲ ಜೋಡಿಸಿಟ್ಟಿದ್ದಳು. ಈಗ ಮಗು ಮಿಸುಕಾಡಿತು. ಅವಳು ಅವಸರವಾಗಿ ಅದನ್ನು ತಟ್ಟಿ ಮತ್ತೆ ಮಲಗಿಸಿದಳು.