ಶಿಲುಬೆಯ ಮೇಲೊಂದು ಶಾಲು

ನಮ್ಮ ಕಾಕಾನಿಗೆ, ಅಂದರೆ ನನ್ನ ಅಪ್ಪನ ತಮ್ಮನಿಗೆ, ಬದುಕಿದ್ದಷ್ಟು ದಿನವೂ ಒಂದೇ ಪ್ರಶ್ನೆ: "ಈ ಚರ್ಚಿನಿಂದ ಊರಿಗೇನು ಉಪಯೋಗ ಐತಿ?" ಕೇಳುತ್ತಿದ್ದದ್ದು ಬಸ್ ಸ್ಟ್ಯಾಂಡಿನ ಚಹಾದಂಗಡಿಯ ಮುಂದೆ, ಕೂತಿರುತ್ತಿದ್ದದ್ದು ಚರ್ಚಿನ ಬೆಂಚಿನ ಮೇಲೆ. ಯಾರದೋ ಮನೆಯ ಬಸುರಿಯ ಕುಬಸದ ಊಟಕ್ಕೆಂದು ಕೇಳಿ ತಂದ ಬೆಂಚು, ವಾಪಸ್ಸು ಒಯ್ಯುವಾಗ ಅಂಗಡಿಯ ಮುಂದೆ ಇಳಿದು ಅಲ್ಲೇ ಬೇರು ಬಿಟ್ಟಿತ್ತು. ಬೆನ್ನಿನ ಹಲಗೆಯ ಮೇಲೆ ಬಿಳಿ ಬಣ್ಣದ ಪುಟ್ಟ ಶಿಲುಬೆ ಇತ್ತು. ಕಾಕಾ ಅದಕ್ಕೇ ಬೆನ್ನು ಆನಿಸಿ, ಕಾಲ ಮೇಲೆ ಕಾಲು ಹಾಕಿ, ಧರ್ಮ ಕೆಟ್ಟುಹೋದ ಬಗ್ಗೆ ಮಾತಾಡುತ್ತಿದ್ದ.

ನಮ್ಮದು ಅಳವಂಡಿಗೆ ಹತ್ತಿರದ ಹಳ್ಳಿ. ಕೇರಿಯ ಕೊನೆಗೆ ತಗಡಿನ ಶೆಡ್ಡೊಂದಿದೆ, ಅದೇ ಚರ್ಚು. ನೋಡಿಕೊಳ್ಳುವವರು ಗಂಗಾವತಿ ಕಡೆಯ ವಲಸಿಗರ ಕ್ಯಾಂಪಿನಿಂದ ಬಂದ ಪಾಸ್ಟರು. ಹೆಂಡತಿ ಮಕ್ಕಳಿರುವ ಸಂಸಾರಿ. ಆದರೂ ಊರೆಲ್ಲ ಅವರನ್ನು ಕರೆಯುವುದು ಫಾದರಪ್ಪ ಅಂತ. ಮದುವೆಗೆ ಅನ್ನದ ಹಂಡೆ ಬೇಕೇ, ಫಾದರಪ್ಪನ ಹತ್ತಿರ ಹೋಗು. ತಿಥಿಗೆ ಜಮಖಾನೆ ಬೇಕೇ, ಫಾದರಪ್ಪ. ಸಾಲಿಯಲ್ಲಿ ಮಕ್ಕಳಿಗೆ ಇಂಗ್ಲಿಷು ಹತ್ತುತ್ತಿಲ್ಲವೇ, ಸಂಜೆ ಫಾದರಪ್ಪನ ಹೆಂಡತಿಯ ಮುಂದೆ ಕೂರಿಸು. ನಮ್ಮವರ ಮಡಿವಂತಿಕೆ ಹಂಡೆಯ ತಳಕ್ಕೆ ಹತ್ತಿದ ಅನ್ನದ ಹಾಗೆ, ನೀರು ಹಾಕಿ ನೆನೆಸಿದರೆ ತಾನೇ ಬಿಡುತ್ತದೆ.

ಆ ಚರ್ಚಿನಲ್ಲಿ ಒಂದು ಐಸ್ ಪೆಟ್ಟಿಗೆಯೂ ಇತ್ತು. ಹೆಣ ಕೆಡದಂತೆ ಇಡುವ, ಗಾಜಿನ ಮುಚ್ಚಳದ, ಕರೆಂಟಿನ ಪೆಟ್ಟಿಗೆ. ಕೇರಿಯ ಮಂದಿ ದುಡಿಯಲು ಗೋವಾಕ್ಕೆ, ಮಂಗಳೂರಿಗೆ ಹೋಗುವವರು. ಊರಲ್ಲಿ ಅಪ್ಪನೋ ಅವ್ವನೋ ಸತ್ತರೆ ಅವರು ಬಂದು ಮುಟ್ಟುವಷ್ಟರಲ್ಲಿ ಮಣ್ಣಾಗಿರುತ್ತಿತ್ತು. ಹೀಗಾಗಬಾರದೆಂದು ಚರ್ಚಿನವರೇ ಚಂದಾ ಪಟ್ಟಿ ಎತ್ತಿ ಪೆಟ್ಟಿಗೆ ತಂದಿಟ್ಟರು. ಯಾವ ಜಾತಿಯವರು ಕೇಳಿದರೂ ಕೊಡುತ್ತಿದ್ದರು.

ಇಂಥ ಚರ್ಚನ್ನು ಎತ್ತಿಸಬೇಕೆಂದು ಕಾಕಾ ಮತ್ತು ನಮ್ಮ ಓಣಿಯ ಮಾಜಿ ಪಂಚಾಯಿತಿ ಮೆಂಬರ್ ಸೇರಿ ತಹಶೀಲ್ದಾರರಿಗೆ ಅರ್ಜಿ ಬರೆದರು. ಶೆಡ್ಡು ಅನಧಿಕೃತ, ಜನರಿಗೆ ತೊಂದರೆ, ಇತ್ಯಾದಿ. ಮೊದಲ ಸಹಿ ಕಾಕಾನದು. ಆ ಖುಷಿಗೆ ಮೆಂಬರ್ ಸಾಹೇಬರು ಒಂದು ಸಭೆ ಮಾಡಿ ಕಾಕಾನಿಗೆ ಕೆಂಪು ಅಂಚಿನ ದಪ್ಪ ಶಾಲು ಹೊದಿಸಿ ಸನ್ಮಾನಿಸಿದರು. ಸಭಿಕರು ಕೂತದ್ದು ಚರ್ಚಿನ ಜಮಖಾನೆಯ ಮೇಲೆ. ನಾನು ಸಹಿ ಹಾಕಲಿಲ್ಲ. ಧೈರ್ಯವೇನಲ್ಲ, ನನ್ನದು ಗೊಬ್ಬರದಂಗಡಿ, ಗಿರಾಕಿಗೆ ಜಾತಿ ಇಲ್ಲ.

ಶಾಲು ಹೊದ್ದು ತಿಂಗಳಾಗಿರಲಿಲ್ಲ. ಸುಡು ಬೇಸಿಗೆಯ ಒಂದು ಬೆಳಿಗ್ಗೆ ರೊಟ್ಟಿ ತಿಂದು ಕೈ ತೊಳೆಯಲು ಎದ್ದ ಕಾಕಾ ಎದೆ ಹಿಡಿದುಕೊಂಡು ಕೂತ. ಕೂತವನು ಏಳಲಿಲ್ಲ.

ಕಾಕಾನಿಗೆ ಒಬ್ಬಳೇ ಮಗಳು. ಅರೆಸೇನಾ ಪಡೆಯಲ್ಲಿ ಸಿಪಾಯಿ, ಆಗ ಅಸ್ಸಾಮಿನ ಕಡೆ ಇದ್ದಳು. ನನ್ನ ಫೋನಿಗೆ ಅವಳು ಅಳಲಿಲ್ಲ. "ಅಣ್ಣಾ, ನಾ ನಾಳಿ ಮಧ್ಯಾನ ಬಂದ ಮುಟ್ಟತೀನಿ. ಅಲ್ಲೀತನಕ ಅಪ್ಪನ್ನ ಎತ್ತಬ್ಯಾಡ್ರಿ. ನಾ ಒಮ್ಮಿ ಮಕ ನೋಡಬೇಕು," ಅಂದಳು. ಕಾಕಿಗೆ ಹೇಳಿದೆ. ಅವಳು ಗಂಡನ ತಲೆಯ ಹತ್ತಿರ ಕೂತವಳು, "ಆಕಿ ಬರೂತನಕ ಯಾರೂ ಮುಟ್ಟಂಗಿಲ್ಲ," ಅಂದುಬಿಟ್ಟಳು.

ಅಂಗಳದಲ್ಲಿ ಹಿರಿಯರು ಗುಸುಗುಸು ಸುರು ಮಾಡಿದರು. ಈ ಬಿಸಿಲಲ್ಲಿ ನಾಳೆ ಮಧ್ಯಾಹ್ನದವರೆಗೆ? ಕೊಪ್ಪಳಕ್ಕೆ ಫೋನು ಹೋಯಿತು, ಅಲ್ಲಿಯ ಪೆಟ್ಟಿಗೆ ಬೇರೆ ಸಾವಿಗೆ ಹೋಗಿತ್ತು. ಕುಷ್ಟಗಿಯಲ್ಲೂ ಸಿಗಲಿಲ್ಲ. ಮನೆ ಹಿಂದಿನ ಕೇರಿಯಲ್ಲಿ ಪೆಟ್ಟಿಗೆ ಇದೆಯೆಂದು ಅಲ್ಲಿದ್ದ ಪ್ರತಿಯೊಬ್ಬನಿಗೂ ಗೊತ್ತು, ಬಾಯಿ ಬಿಡುವವನು ಒಬ್ಬನೂ ಇಲ್ಲ. ಮೆಂಬರ್ ಸಾಹೇಬರು ಬೇವಿನ ಗಿಡದ ತುದಿಯನ್ನು ಜೀವನದಲ್ಲಿ ಮೊದಲ ಸಲ ಕಂಡವರಂತೆ ನೋಡುತ್ತ ನಿಂತಿದ್ದರು. ಕಡೆಗೆ ಕಾಕಿಯೇ ಒಳಗಿನಿಂದ ನನ್ನನ್ನು ಕರೆದಳು.

"ತಮ್ಮಾ, ಫಾದರಪ್ಪನ ಕಡೆ ನೀ ಹೋಗ್ತಿಯೋ, ನಾನ ಎದ್ದ ಹೋಗ್ಲೋ?"

ಹೋದೆ. ಅರ್ಜಿಯ ಮೇಲಿನ ನೋಟೀಸು ಪಾಸ್ಟರಿಗೆ ಆಗಲೇ ಮುಟ್ಟಿತ್ತು, ಮೊದಲ ಸಹಿ ಯಾರದೆಂದು ಅವರಿಗೆ ಗೊತ್ತಿತ್ತು. ನಾನು ತೊದಲುತ್ತ ಸಂಗತಿ ಹೇಳಿದರೆ ಅವರು ಕೇಳಿದ್ದು ಒಂದೇ ಮಾತು: "ಮನೇಲಿ ಕರೆಂಟಿನ ಪಾಯಿಂಟ್ ಗಟ್ಟಿ ಇದೆಯಾ?" ಒಂದು ಕೊಂಕು ಮಾತಾಡಿದ್ದರೆ ನನಗೂ ಹಗುರಾಗುತ್ತಿತ್ತು. ಆಡಲಿಲ್ಲ. ಪೆಟ್ಟಿಗೆಯನ್ನು ಟಂಟಂ ಗಾಡಿಯಲ್ಲಿ ಹೇರಿಸಿ ಕಳಿಸಿದರು.

ಪೆಟ್ಟಿಗೆ ಅಂಗಳಕ್ಕೆ ಬಂದ ಕೂಡಲೇ, ಅಷ್ಟು ಹೊತ್ತು ಮೂಕರಾಗಿದ್ದವರಿಗೆಲ್ಲ ಬಾಯಿ ಬಂತು. ಮೊದಲ ತಕರಾರು: ನಮ್ಮಲ್ಲಿ ಹೆಣವನ್ನು ಗೋಡೆಗೆ ಆನಿಸಿ ಕೂರಿಸುವ ರೂಢಿ, ಪೆಟ್ಟಿಗೆಯಲ್ಲಿ ಮಲಗಿಸಬೇಕು. "ನಮ್ಮ ಮಂದಿ ಮಕ್ಕೊಂಡು ಹೋಗೂದಿಲ್ರಿ," ಅಂದ ಒಬ್ಬ ಹಿರಿಯ. ಬದುಕಿದ್ದಾಗ ಅರ್ಧ ದಿನ ಹೊರಸಿನ ಮೇಲೆ ಮಲಗಿಯೇ ಇರುತ್ತಿದ್ದ ಕಾಕಾನ ಬಗ್ಗೆ ಈ ಮಾತು. ಕೂರಿಸುವುದನ್ನು ನಾಳೆ ಹೂಳುವ ಕುಣಿಯ ಹತ್ತಿರ ನೋಡೋಣ ಎಂದು ರಾಜಿ ಆಯಿತು. ಎರಡನೆಯದು ದೊಡ್ಡ ತಕರಾರು. ಪೆಟ್ಟಿಗೆಯ ಕಾಲ ಕಡೆಯ ತಗಡಿನ ಮೇಲೆ ಮೊಳದುದ್ದದ ನೀಲಿ ಶಿಲುಬೆ ಬರೆದಿತ್ತು.

"ಆತ ಇದರ ವಿರುದ್ಧನ ಸೈ ಮಾಡ್ಯಾನ. ಈಗ ಇದರಾಗ ಮಲಗಸ್ತೀರೇನು?" ಮೆಂಬರ್ ಕೇಳಿದರು.

ಪೆಟ್ಟಿಗೆ ಬೇಡವೆಂದು ಮಾತ್ರ ಅವರು ಹೇಳಲಿಲ್ಲ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಶಿಲುಬೆಯ ಮೇಲೆ ವಿಭೂತಿಯ ಮೂರು ಪಟ್ಟಿ ಎಳೆದು ನೋಡಿದರು. ಥಂಡಿಗೆ ತಗಡು ಬೆವರಿ ವಿಭೂತಿ ಸೋರಿಹೋಯಿತು, ಶಿಲುಬೆ ತೊಳೆದಂತೆ ಇನ್ನೂ ಚೊಕ್ಕ ಕಂಡಿತು. ಆಗ ಮೆಂಬರಿಗೆ ಶಾಲು ನೆನಪಾಯಿತು. ಒಳಗಿನಿಂದ ಸನ್ಮಾನದ ಆ ದಪ್ಪ ಶಾಲನ್ನೇ ತರಿಸಿ, ಪೆಟ್ಟಿಗೆಯ ಆ ತುದಿಗೆ ಎರಡು ಸುತ್ತು ಬಿಗಿದು, ಹಿಂದೆ ಗಂಟು ಹಾಕಿದರು. ಧರ್ಮ ಉಳಿಯಿತು. ಭಜನೆಯವರು ತಾಳ ಕುಟ್ಟತೊಡಗಿದರು.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಪೆಟ್ಟಿಗೆಯ ಗುರ್ ಸದ್ದು ನಿಂತುಹೋಯಿತು. ಮನೆಯ ಫ್ಯಾನು ತಿರುಗುತ್ತಿತ್ತು, ಕರೆಂಟು ಇತ್ತು. ಕಾಕಿ ಗಾಜಿನ ಮೇಲೆ ಅಂಗೈ ಇಟ್ಟು ನೋಡಿದಳು. ಥಂಡಿ ಇರಲಿಲ್ಲ. ಅವಳ ಮುಖ ನೋಡಲು ನನ್ನ ಕೈಲಾಗಲಿಲ್ಲ. ಮಗಳು ಅಷ್ಟು ದೂರದಿಂದ ಬಂದು ಕೆಟ್ಟುಹೋದ ಮುಖ ನೋಡಬೇಕೇ? ಮೆಂಬರ್ ಮಾತ್ರ ಪಕ್ಕದವರಿಗೆ, "ಅವರ ಸಾಮಾನ ಹಿಂಗ ನೋಡ್ರಿ, ನಂಬಾಕ ಬರೂದಿಲ್ಲ," ಅಂತ ವ್ಯಾಖ್ಯಾನ ಕೊಡುತ್ತಿದ್ದರು. ನನಗೆ ಮೈ ಉರಿದುಹೋಯಿತು.

ಫೋನು ಮಾಡಿದೆ, ಪಾಸ್ಟರು ಸೈಕಲ್ ತುಳಿದುಕೊಂಡು ಬಂದರು. ಹೊಸ್ತಿಲ ಹೊರಗೇ ನಿಂತರು. ಕಾಕಿ ಎದ್ದು, "ಒಳಗ ಬರ್ರಿ, ಫಾದರಪ್ಪಾರ," ಅಂದಳು. ನಮ್ಮ ಪಡಸಾಲೆಯಲ್ಲಿ ಅವರು ಕಾಲಿಟ್ಟದ್ದು ಅದೇ ಮೊದಲು. ಪೆಟ್ಟಿಗೆ ನೋಡಿದರು, ಶಾಲು ನೋಡಿದರು, ಶಾಲಿನ ಮೇಲೆ ಕೈ ಇಟ್ಟು, ಬಿಸಿ ತಟ್ಟಿ ಸರಕ್ಕನೆ ಕೈ ಹಿಂದಕ್ಕೆಳೆದುಕೊಂಡರು.

"ಅಮ್ಮಾ, ಇದರೊಳಗೆ ಮೋಟಾರಿದೆ. ಬಿಸಿ ಗಾಳಿ ಹೊರಗೆ ಹೋಗೋ ಜಾಲರಿಯನ್ನ ಮುಚ್ಚಿದ್ದೀರಿ. ಈ ಶಾಲು ತೆಗೀಬೇಕು."

ಹೇಳಿದರೇ ಹೊರತು ತಾವು ತೆಗೆಯಲಿಲ್ಲ, ಮೆಂಬರ್ ಕಡೆ ನೋಡಿದರು. ಮೆಂಬರ್ ಹಿರಿಯರ ಕಡೆ, ಹಿರಿಯರು ಭಜನೆಯವರ ಕಡೆ ನೋಡಿದರು. ತಾಳವೂ ನಿಂತಿತು. ಕಾಕಿ ಯಾರ ಕಡೆಯೂ ನೋಡಲಿಲ್ಲ. ಗಂಟು ಬಿಚ್ಚಲು ಬರಲಿಲ್ಲ, ಹಲ್ಲಿನಿಂದ ಕಚ್ಚಿ ಎಳೆದು ಬಿಚ್ಚಿದಳು. ಶಾಲು ಕಾದು ಹಂಚಾಗಿತ್ತು, ಹಿಂದೆ ಶಿಲುಬೆ ಹಾಗೇ ಇತ್ತು. ಸ್ವಲ್ಪ ಹೊತ್ತಿನಲ್ಲಿ ಮೋಟಾರು ಗುರ್ ಎಂದು ಮತ್ತೆ ಸುರುವಾಯಿತು. ಆಮೇಲೆ ನಮ್ಮ ಹಿರಿಯರೆಲ್ಲ ಪೆಟ್ಟಿಗೆಗೆ ಬೆನ್ನು ಮಾಡಿ ಕೂತು ಭಜನೆ ಕೇಳಿದರು. ಪಾಸ್ಟರು ಕತ್ತಲಾಗುವವರೆಗೆ ಹೊರಗಿನ ಕಟ್ಟೆಯ ಮೇಲೆ ಮೋಟಾರಿನ ಸದ್ದು ಆಲಿಸುತ್ತ ಕೂತಿದ್ದರು.

ಮರುದಿನ ಮಧ್ಯಾಹ್ನ ತಂಗಿ ಬಂದಳು. ಹೆಗಲ ಚೀಲವನ್ನು ಬಾಗಿಲಲ್ಲೇ ಕೆಡವಿ, ಗಾಜಿಗೆ ಕೆನ್ನೆ ಹಚ್ಚಿ ಬಾಗಿದಳು. ಬಹಳ ಹೊತ್ತು ಎದ್ದೇಳಲಿಲ್ಲ. ಆಮೇಲೆ, "ಅಣ್ಣಾ, ಅಪ್ಪ ಊಟ ಮಾಡಿ ಮಕ್ಕೊಂಡಂಗ ಅದಾನ ನೋಡು," ಅಂದಳು, ಅಂದು ಅತ್ತಳು. ನಾನೂ ಅತ್ತೆ. ಆ ಮುಖವನ್ನು ಅವಳಿಗಾಗಿ ಕಾದಿಟ್ಟ ಪೆಟ್ಟಿಗೆಗೆ ಎಲ್ಲರೆದುರೇ ಕೈ ಮುಗಿದೆ. ಕುಣಿಯ ಹತ್ತಿರ ಕೂರಿಸುವ ಶಾಸ್ತ್ರ ಹೇಗೋ ಆಯಿತು. ಕಾಕಾ ಸುಲಭಕ್ಕೆ ಕೂರಲಿಲ್ಲ, ಬದುಕಿದ್ದಾಗಲೂ ಯಾರ ಮಾತನ್ನೂ ಕೇಳಿದವನಲ್ಲ.

ದಿನಕರ್ಮ ಮುಗಿದ ಮರುವಾರ ಮೆಂಬರ್ ಸಾಹೇಬರು ಮತ್ತೊಂದು ಅರ್ಜಿಯೊಂದಿಗೆ ಮನೆಗೆ ಬಂದರು. ಮೊದಲನೆಯ ಸಹಿಯವನು ತೀರಿಕೊಂಡಿದ್ದಾನೆ, ಅವನ ಹೆಂಡತಿಯ ಸಹಿಯಾದರೆ ತೂಕ ಬರುತ್ತದೆ. ಈ ಸಲ ಒಂದು ತಿದ್ದುಪಡಿಯೂ ಇತ್ತು: ಶೆಡ್ಡನ್ನು ತೆಗೆಸಬೇಕು, ಐಸ್ ಪೆಟ್ಟಿಗೆಯನ್ನು ಮಾತ್ರ ಸಾರ್ವಜನಿಕರ ಅನುಕೂಲಕ್ಕಾಗಿ ಪಂಚಾಯಿತಿಯಲ್ಲಿ ಉಳಿಸಿಕೊಳ್ಳಬೇಕು. ಇಷ್ಟು ನಾಚಿಕೆಗೇಡಿನ ಮಾತನ್ನು ಇಷ್ಟು ಗಂಭೀರ ಮುಖದಿಂದ ಓದುವುದು ಮೆಂಬರಿಕಿ ಮಾಡಿದವರಿಗೇ ಸಾಧ್ಯ.

ಕಾಕಿ ಪೂರ್ತಿ ಕೇಳಿಸಿಕೊಂಡಳು. ಚಹಾ ಕೊಟ್ಟಳು. ಆಮೇಲೆ ಕೇಳಿದಳು: "ಯಪ್ಪಾ, ನಿಮ್ಮ ಅವ್ವ ಹಾಸಿಗಿ ಹಿಡದಾಳಂತಲ್ಲ, ಈಗ ಹೆಂಗದಾಳ್ರಿ?"

"ಹಂಗ ಅದಾಳ್ರಿ. ಇವತ್ತೋ ನಾಳೆಯೋ," ಅಂದರು ಮೆಂಬರ್.

"ನಿಮ್ಮ ತಮ್ಮ ದುಬೈದಾಗ ಅದಾನಲ್ಲ, ಬಂದ ಮುಟ್ಟಾಕ ಎಷ್ಟ ಹೊತ್ತ ಬೇಕಾಕೈತಿ?"

ಮೆಂಬರ್ ಅರ್ಜಿಯನ್ನು ನಾಲ್ಕು ಮಡಿಕೆ ಮಡಚಿ ಜೇಬಿಗೆ ಇಟ್ಟುಕೊಂಡು ಎದ್ದರು. ಕಾಕಿ ಒಳಗೆ ಹೋಗಿ, ಒಗೆದು ಮಡಿಕೆ ಮಾಡಿಟ್ಟಿದ್ದ ಶಾಲು ತಂದು ಅವರ ಕೈಯಲ್ಲಿ ಇಟ್ಟಳು.

"ಇದನ್ನ ಒಯ್ರಿ, ನಿಮಗ ಬೇಕಾಕೈತಿ. ಮೋಟಾರಿನ ಮ್ಯಾಲ ಮಾತ್ರ ಹಾಕಬ್ಯಾಡ್ರಿ."