ಫಿಟ್ ಅನ್ನಿಸಿಕೊಂಡ ದಿನ

ರಾಜಾಜಿನಗರ ಇನ್ನೂ ಕಲ್ಲು ನೆಟ್ಟ ಬಯಲಾಗಿದ್ದ ಐವತ್ತರ ದಶಕದಲ್ಲಿ, ನಮ್ಮ ಊರಿಗೆ ಕರೆಂಟಿಗಿಂತ ಮೊದಲು ಬಂದದ್ದು ಫಿಟ್ ಎಂಬ ಇಂಗ್ಲಿಷ್ ಪದ. ಬಡಾವಣೆಗೆ ಹೊಲ ಕಳೆದುಕೊಂಡವರು ಪಕ್ಕದ ಹೊಸ ಕಾರ್ಖಾನೆಗೆ ಕೆಲಸ ಕೇಳಿಕೊಂಡು ಹೋಗುತ್ತಿದ್ದರು. ಅಲ್ಲಿನ ಡಾಕ್ಟರು ಮೈ ನೋಡಿ ಚೀಟಿಯಲ್ಲಿ ಫಿಟ್ ಎಂದು ಬರೆದರೆ ಕೆಲಸ, ಅನ್‌ಫಿಟ್ ಎಂದರೆ ಮನೆ. ನಮ್ಮವರು ಆ ಪದವನ್ನು ಅಷ್ಟಕ್ಕೇ ಬಿಡಲಿಲ್ಲ. ಎತ್ತಿನ ಹಲ್ಲು ನೋಡಿ ಫಿಟ್ ಎಂದರು, ಬಾವಿಯ ಹಗ್ಗ ಜಗ್ಗಿ ಫಿಟ್ ಎಂದರು, ಸೊಪ್ಪಿನ ಸಾರು ಸುರಿದುಕೊಂಡೂ ಫಿಟ್ ಎಂದರು. ಹೆಣ್ಣು ನೋಡಿ ಬಂದವರೂ "ಹುಡ್ಗಿ ಫಿಟ್ಟಾಗವ್ಳೆ" ಎನ್ನುತ್ತಿದ್ದರು.

ನಮ್ಮ ಮನೆಯಲ್ಲಿ ಮಾತ್ರ ಆ ಪದ ಎತ್ತುವಂತಿರಲಿಲ್ಲ. ಅಪ್ಪ ಅನ್‌ಫಿಟ್ ಆಗಿ ಬಂದಿದ್ದ. ರಾಗಿ ಮೂಟೆಯನ್ನು ಒಬ್ಬನೇ ಎತ್ತಿ ಗಾಡಿಗೆ ಹಾಕುತ್ತಿದ್ದ ಆಳು ಅವನು, ಆದರೆ ಎಡಗಿವಿ ಕೇಳಿಸುತ್ತಿರಲಿಲ್ಲ. ಮಿಷನ್ ಹತ್ತಿರ ಕಿವುಡರು ಬೇಡ ಎಂದರಂತೆ. ಚೀಟಿಯನ್ನು ದೇವರ ಪಟದ ಹಿಂದೆ ಸಿಕ್ಕಿಸಿಟ್ಟ. ಹೊಲ ಹೋಗಿತ್ತು, ಕಣಜದ ತಳ ಕಾಣುತ್ತಿತ್ತು. ಉಳಿದವನು ನಾನೊಬ್ಬ, ಹದಿನೆಂಟರ ನರಪೇತಲ.

ಕೆಲಸಕ್ಕೆ ನೂರು ಪೌಂಡು ತೂಕ ಬೇಕಿತ್ತು. ಸೌದೆ ಡಿಪೋದ ತಕ್ಕಡಿಯಲ್ಲಿ ಕೂತು ತೂಗಿಸಿಕೊಂಡರೆ ನಾಲ್ಕು ಪೌಂಡು ಕಮ್ಮಿ. ಅದಕ್ಕೊಂದು ಉಪಾಯ ಊರಲ್ಲಿ ಆಗಲೇ ಚಾಲ್ತಿಯಲ್ಲಿತ್ತು. ಬೆಳಿಗ್ಗೆ ಹೊಟ್ಟೆಗೆ ಬಾಳೆಹಣ್ಣು ತುರುಕಿ, ಮೇಲೆ ಚೊಂಬುಗಟ್ಟಲೆ ನೀರು ಕುಡಿದು, ತೂಕ ಆಗುವ ತನಕ ಒಂದಕ್ಕೆ ಹೋಗದೆ ಬಿಗಿಹಿಡಿದು ನಿಲ್ಲುವುದು. ಅವ್ವ ಎರಡು ಡಜನ್ ಹಣ್ಣು ಮುಂದಿಟ್ಟಳು. ಹದಿನೇಳನೆಯ ಹಣ್ಣು ಒಳಗಿಳಿಯಲಿಲ್ಲ.

"ನುಂಗ್ಲಾ, ಮನೆ ನಿಂತಿರೋದೇ ಅದ್ರ ಮ್ಯಾಲೆ" ಎಂದಳು. ಅವಳ ಕಣ್ಣು ತುಂಬಿತ್ತು. ನುಂಗಿದೆ.

ಕಾರ್ಖಾನೆಯ ಬಾಗಿಲಲ್ಲಿ ಉದ್ದ ಸಾಲು. ಬಿಸಿಲು ಏರಿದಂತೆ ಕಿಬ್ಬೊಟ್ಟೆ ಕಲ್ಲಾಯಿತು. ಸಾಲಿನಲ್ಲಿ ಬಹಳ ಮುಂದಿದ್ದವನೊಬ್ಬ ತಾಳಲಾರದೆ ಬೇಲಿಯ ಮರೆಗೆ ಹೋಗಿಬಂದ. ಒಳಗೆ ತೂಕ ಸಾಲದೆ ತಲೆ ತಗ್ಗಿಸಿ ಹೊರಬಂದ. ಅಪ್ಪ ಪಕ್ಕದಲ್ಲೇ ನಿಂತಿದ್ದ.

"ತಡ್ಕೊ ಮಗ. ಇನ್ನಾರು ಜನ. ಇನ್ನೈದು."

ನನಗೆ ಸಿಟ್ಟು ಉಕ್ಕಿತು. "ನಿನ್ ಕಿವಿ ನೆಟ್ಟಗಿದ್ದಿದ್ರೆ ನಂಗ್ಯಾಕೆ ಈ ಗತಿ ಬತ್ತಿತ್ತು" ಎಂದು ಗೊಣಗಿದೆ. ಅವನ ಯಾವ ಕಿವಿ ನನ್ನ ಕಡೆಗಿತ್ತು ಎಂದು ನೋಡಲಿಲ್ಲ. ಅವನು "ಇನ್ನಾಕು" ಎಂದ.

ಒಳಗೆ ಕಾಂಪೌಂಡರು ಸೀಸೆ ಕೈಗಿತ್ತರು. "ಮೊದ್ಲು ಇದ್ರಲ್ಲಿ ಹಿಡ್ಕೊಂಡ್ ಬಾರಯ್ಯ, ಆಮೇಲೆ ತೂಕ."

ಜೀವ ಬಾಯಿಗೆ ಬಂತು. ಶುರು ಮಾಡಿದರೆ ನಿಲ್ಲುವ ಹಾಗಿತ್ತೇ? ತುಟಿ ಕಚ್ಚಿ, ಸೀಸೆಯ ತಳ ಮುಚ್ಚುವಷ್ಟು ಬಿಟ್ಟು ನಿಲ್ಲಿಸಿದೆ. ಕಣ್ಣು ಕತ್ತಲಿಟ್ಟಿತು. ತೂಕದ ಯಂತ್ರ ಹತ್ತಿದೆ. ಮುಳ್ಳು ತೂಗಾಡಿ ತೂಗಾಡಿ ನೂರನ್ನು ಕೂದಲೆಳೆಯಷ್ಟು ದಾಟಿ ನಿಂತಿತು. ಡಾಕ್ಟರು ನನ್ನ ಉಬ್ಬಿದ ಹೊಟ್ಟೆಯನ್ನು ಬೆರಳಲ್ಲಿ ತಟ್ಟಿದರು.

"ಎಷ್ಟು ಡಜನ್ ತಿಂದ್ಯೋ?"

ಬಾಯಿ ಬಿಡಲಿಲ್ಲ, ಬಿಟ್ಟಿದ್ದರೆ ಹಣ್ಣೇ ಬರುತ್ತಿತ್ತು. ಅವರು ನಗದೆ ಫಿಟ್ ಎಂದು ಬರೆದು ಚೀಟಿ ಕೊಟ್ಟರು.

ಹೊರಗೆ ಬಂದು ಬೇಲಿಯ ಬಳಿ ಹಗುರಾಗಿ ಅಪ್ಪನ ಜೊತೆ ಮಾಗಡಿ ರಸ್ತೆಯ ತನಕ ನಡೆದೆ. ಅಲ್ಲಿ ತಿಂದದ್ದನ್ನೆಲ್ಲ ಕಕ್ಕಿ ಕುಸಿದೆ. ಅಪ್ಪ ರಾಗಿ ಮೂಟೆಯ ಹಾಗೆ ಎತ್ತಿ ಹೆಗಲಿಗೆ ಹಾಕಿಕೊಂಡ. ಎರಡು ಮೈಲಿ ಎಲ್ಲೂ ಇಳಿಸಲಿಲ್ಲ. ನನಗೆ ಭೂಮಿಗಿಳಿದು ಹೋಗುವಷ್ಟು ನಾಚಿಕೆಯಾಗಿತ್ತು. ಅವನ ಬಲಗಿವಿಗೆ ಬಾಯಿಟ್ಟು "ಅಪ್ಪ, ಸಾಲಲ್ಲಿ ನಾನು ಅಂದಿದ್ದು..." ಎಂದೆ.

"ಕೇಳುಸ್ನಿಲ್ಲ" ಎಂದ, ನನ್ನ ಮಾತು ಮುಗಿಯುವ ಮೊದಲೇ.

ಊರ ಬಾಗಿಲ ಕಟ್ಟೆಯ ಮೇಲೆ ಕೂತಿದ್ದವರು ನಮ್ಮನ್ನು ಕಂಡು ಎದ್ದು ನಿಂತರು. "ಏನಣ್ಣ, ಹುಡುಗನೂ ಅನ್‌ಫಿಟ್ಟಾ?"

"ನನ್ ಮಗ ಫಿಟ್ಟು. ದಾರಿ ಬಿಡ್ರಯ್ಯ" ಎಂದ ಅಪ್ಪ. ಆ ಪದ ಅವನ ಬಾಯಲ್ಲಿ ಕೇಳಿದ್ದು ಅದೇ ಮೊದಲು. ಅಷ್ಟು ದೂರ ನನ್ನನ್ನು ಹೊತ್ತು ಬಂದಿದ್ದರೂ ಅವನಿಗೆ ಏದುಸಿರು ಕೂಡ ಇರಲಿಲ್ಲ.