ಅಕ್ಕೋರು ಒಳಗೆ ಬಿಡದ ಕ್ಯಾಮೆರಾ

ವೇದಿಕೆಯ ಮೇಲೆ ಬಿಡುವ ಹೊಗೆಗೆ ಒಂದು ವಾಸನೆ ಇರುತ್ತದೆ. ಸುಟ್ಟ ಸಕ್ಕರೆಗೆ ಅಗ್ಗದ ಸೆಂಟು ಬೆರೆಸಿದಂಥ, ಗಂಟಲಿಗೆ ಅಂಟಿಕೊಳ್ಳುವ ವಾಸನೆ. ಬಸವಕಲ್ಯಾಣದಲ್ಲಿ ನನ್ನದು ಶಾಮಿಯಾನದ ಅಂಗಡಿ. ಕುರ್ಚಿ, ವೇದಿಕೆ, ಮೈಕು, ಈಗೀಗ ಎಲ್‌ಇಡಿ ಪರದೆ, ಹೊಗೆಯ ಯಂತ್ರ, ಎಲ್ಲವನ್ನೂ ಬಾಡಿಗೆಗೆ ಕೊಡುತ್ತೇನೆ. ಮದುವೆಯಲ್ಲಿ ಆ ಹೊಗೆ ಬಿಟ್ಟರೆ ನನಗೆ ಏನೂ ಅನ್ನಿಸುವುದಿಲ್ಲ, ಅದು ವ್ಯಾಪಾರ. ಆದರೆ ಕಳೆದ ತಿಂಗಳು ನಮ್ಮ ಕ್ರೈಸ್ತ ಕಾಲೇಜು ಹುಡುಗರ ಶಿಬಿರದಲ್ಲಿ ಅದೇ ಹೊಗೆಯ ನಡುವೆ, ನನ್ನದೇ ಪರದೆಯ ಮೇಲೆ, ವರ್ಷಗಳ ಹಿಂದೆ ತೀರಿಕೊಂಡ ನಮ್ಮ ಅಕ್ಕೋರ ಮುಖ ಮೂಡಿತು.

ಮುಖ ಅವರದೇ. ನಮ್ಮ ಚರ್ಚಿನ ಸಭೆಯ ಹಳೆಯ ಗುಂಪು ಫೋಟೊದಿಂದ ಕತ್ತರಿಸಿ, ಕೆನ್ನೆಗೆ ಬಣ್ಣ ಬಳಿದು, ತಲೆಯ ಹಿಂದೆ ಬೆಳಕು ಇಟ್ಟಿದ್ದರು. ಪಕ್ಕದಲ್ಲಿ ಯಾರೋ ಮುದುಕಿಯ ಕೊಳೆತ ಕಾಲು. ಅದನ್ನು ಎಲ್ಲಿಂದ ಎತ್ತಿ ತಂದಿದ್ದರೋ! ಅಕ್ಕೋರು ಹುಣ್ಣು ತೊಳೆದ ಘಾಟಬೋರಾಳದ ಮುದುಕಿಯ ಕಾಲಂತೂ ಅದಾಗಿರಲಿಲ್ಲ. ಆ ಕಾಲನ್ನು ನಾನು ಕೈಯಲ್ಲಿ ಹಿಡಿದವನು, ನನಗೆ ಗೊತ್ತು. ಬೇರೆ ಜಿಲ್ಲೆಯಿಂದ ಕರೆಸಿದ್ದ ಭಾಷಣಕಾರ ಕಣ್ಣು ಮುಚ್ಚಿ, ದನಿ ನಡುಗಿಸಿ, ಈ ತಾಯಿ ಘಾಟಬೋರಾಳದ ಕುರಿಗಾರರ ಒಂದು ಇಡೀ ಮನೆತನವನ್ನು ಕ್ರಿಸ್ತನ ಬಳಿಗೆ ತಂದಳು, ಅವಳ ಹಾಗೆ ಹೊರಡುವವರು ನಿಮ್ಮಲ್ಲಿ ಯಾರು, ಎದ್ದು ನಿಲ್ಲಿ ಎಂದ. ಕೀಬೋರ್ಡು ಮೆಲ್ಲಗೆ ನುಡಿಯಿತು. ಹುಡುಗರು ಎದ್ದು ನಿಂತರು. ಕೆಲವರು ಅಳುತ್ತಿದ್ದರು. ಆ ಅಳುವಿನಲ್ಲಿ ಸುಳ್ಳು ಇರಲಿಲ್ಲ. ಅದಕ್ಕೇ ನನಗೆ ಇನ್ನಷ್ಟು ಹೇಸಿಗೆಯಾಯಿತು.

ಏಕೆಂದರೆ ಆ ಮನೆಯಲ್ಲಿ ಒಬ್ಬರೂ ಕ್ರೈಸ್ತರಾಗಲಿಲ್ಲ. ಆ ಮುದುಕಿ ಹಣೆಗೆ ತನ್ನ ಮನೆದೇವರ ಅರಿಸಿನದ ಭಂಡಾರ ಹಚ್ಚಿಕೊಂಡೇ ಬದುಕಿದಳು, ಹಚ್ಚಿಕೊಂಡೇ ಸತ್ತಳು. ಅಕ್ಕೋರು ಆಕೆಯ ತಲೆಯ ಹತ್ತಿರ ಕೂತು ಅತ್ತರು. ನಡೆದದ್ದು ಅಷ್ಟೇ. ಅಷ್ಟು ಈ ಶಿಬಿರದವರಿಗೆ ಸಾಲಲಿಲ್ಲ.

ನಾನು ನಿರ್ಣಾದಿಂದ ಹುಮನಾಬಾದಿಗೆ ಬಿ.ಕಾಂ. ಓದಲು ಬಂದಾಗ ಅಕ್ಕೋರು ನಮ್ಮ ಸಭೆಯ ದೇವಾಲಯದ ಹಿಂದಿನ ಎರಡು ಕೋಣೆಗಳಲ್ಲಿದ್ದರು. ಮನೆ ಮನೆಗೆ ಹೋಗಿ ಬೈಬಲ್ ಓದಿ ಹೇಳುವ ಕೆಲಸಕ್ಕೆ ಬಹಳ ಹಿಂದೆಯೇ ನೇಮಕವಾದವರು. ಗಂಡ ಮಕ್ಕಳು ಇರಲಿಲ್ಲ. ಕುಳ್ಳಗೆ, ದಪ್ಪಗೆ, ನೀಲಿ ಅಂಚಿನ ಬಿಳಿ ಸೀರೆ, ಮಾತಾಡುವಾಗ ಎಡಗೈಯಿಂದ ಸೆರಗು ಜಗ್ಗುವ ಚಟ. ಭಾನುವಾರ ಆರಾಧನೆ ಮುಗಿದ ಮೇಲೆ ಕಾಲೇಜು ಹುಡುಗ ಹುಡುಗಿಯರಿಗೆಲ್ಲ ಅವರ ಕೋಣೆಯಲ್ಲಿ ಚಹಾ. ನಾನು ಮೊದಲು ಹೋದದ್ದು ಚಹಾದ ಆಸೆಗೇ. ಆಮೇಲೆ ಗಿಟಾರು, ಭಾಷಣ ಇರುತ್ತವೆ ಅಂದುಕೊಂಡಿದ್ದೆ. ಅದೇನೂ ಇರಲಿಲ್ಲ. ಒಂದು ಸಣ್ಣ ಪ್ರಾರ್ಥನೆ, ಬಳಿಕ ಎಲ್ಲರನ್ನೂ ಟಂಟಂ ಆಟೋ ಹತ್ತಿಸಿ ಯಾವುದಾದರೂ ಹಳ್ಳಿಗೆ ಕರೆದುಕೊಂಡು ಹೋಗುವುದು.

ಹಳ್ಳಿಯಲ್ಲಿ ಅವರದೊಂದು ಕಟ್ಟಳೆ ಇತ್ತು. ಒಂದು ಮನೆಯವರು ತಾವಾಗಿ ಕರೆದು ಉಣ್ಣಲಿಕ್ಕೆ ಹಾಕುವವರೆಗೆ ಆ ಮನೆಯಲ್ಲಿ ಯೇಸುವಿನ ಹೆಸರು ಎತ್ತುವಂತಿಲ್ಲ. ಉಂಡ ಮೇಲೂ ಅವರಾಗಿ ಕೇಳಿದರೆ ಮಾತ್ರ. ಓದುವವರಿಗೆ ಇದು ಸಣ್ಣ ಮಾತು ಅನ್ನಿಸಬಹುದು. ಆದರೆ ನಮ್ಮ ಸಭೆಯವರ ಮೂಲ ಜಾತಿ ಯಾವುದು ಅಂತ ಊರವರಿಗೆಲ್ಲ ಗೊತ್ತು. ಎಷ್ಟೋ ಮನೆಗಳಲ್ಲಿ ನಮ್ಮನ್ನು ಹೊರಗಿನ ಕಟ್ಟೆಯ ಮೇಲೆ ಕೂರಿಸಿ, ಬೊಗಸೆಗೆ ಮೇಲಿನಿಂದ ನೀರು ಹೊಯ್ಯುತ್ತಿದ್ದರು. ಅಂಥ ಮನೆಯವರು ಗಂಗಾಳ ಇಟ್ಟು ರೊಟ್ಟಿ ಹಾಕಬೇಕಾದರೆ ಅವರೊಳಗೆ ಎಷ್ಟು ಗೋಡೆ ಬೀಳಬೇಕು! ಅಕ್ಕೋರು ಕಟ್ಟೆಯ ಮೇಲೆ ಕೂತೇ ಆ ಮನೆಯವರ ಅವರೆಕಾಯಿ ಸುಲಿಯುತ್ತಿದ್ದರು, ಕೂಸಿನ ಹೇನು ತೆಗೆಯುತ್ತಿದ್ದರು. ನನಗೋ ಆಗಲೇ ಸಂತೆಯ ಲೆಕ್ಕ ತಲೆಗೆ ಹತ್ತಿತ್ತು. ಇದು ಗಿಟ್ಟುವ ವ್ಯಾಪಾರ ಅಲ್ಲ, ಒಂದು ಗಿರಾಕಿಗೆ ಒಂದು ಆಯುಷ್ಯ ಬೇಕಾಗುತ್ತದೆ ಎಂದು ಗೆಳೆಯರ ಮುಂದೆ ನಗೆಯಾಡಿದ್ದೆ. ಅದು ಅವರ ಕಿವಿಗೆ ಬಿತ್ತು. ಅವರೂ ನಕ್ಕರು. ನಿನಗೆ ಅವಸರ ಇದ್ದರೆ ಸಂತೆಯಲ್ಲಿ ಬಳೆ ಮಾರು ಹೋಗು ಅಂದರು.

ಘಾಟಬೋರಾಳದ ಆ ಮನೆ ಊರ ಅಂಚಿನಲ್ಲಿತ್ತು. ಮುದುಕಿಗೆ ಸಕ್ಕರೆ ಕಾಯಿಲೆ, ಕಾಲಿನಲ್ಲಿ ಹುಣ್ಣು. ಮಗ ಕುರಿ ಹೊಡೆದುಕೊಂಡು ಊರೂರು ತಿರುಗುವವನು. ಸೊಸೆಗೆ ಕೂಸು, ಕೂಲಿ. ನಾವು ಹೋದ ದಿನ ಅಕ್ಕೋರು ಸುತ್ತಿದ್ದ ಅರಿವೆ ಬಿಚ್ಚಿದರು... ಆ ವಾಸನೆಯನ್ನು ಏನಂತ ಹೇಳಲಿ. ಗೋಡೆಯ ಸಂದಿಯಲ್ಲಿ ಇಲಿ ಸತ್ತು ವಾರವಾದಂತೆ. ಹುಣ್ಣಿನೊಳಗೆ ಬಿಳಿ ಹುಳ ಹರಿದಾಡುತ್ತಿದ್ದವು. ನಮ್ಮಲ್ಲಿ ಒಬ್ಬ ಬೇಲಿಯ ಮಗ್ಗುಲಿಗೆ ಓಡಿ ವಾಂತಿ ಮಾಡಿಕೊಂಡ. ಅಕ್ಕೋರು ನನ್ನತ್ತ ನೋಡಿ, ಹಿಮ್ಮಡಿ ಹಿಡಿ ಅಂದರು. ಹಿಡಿದೆ. ಉಸಿರು ಕಟ್ಟಿ ಮುಖ ತಿರುಗಿಸಿದೆ. ಅದನ್ನು ಮುದುಕಿ ನೋಡಿದಳು.

"ಮೂಗ್ ಮುಚ್ಕೋ ಅಪ್ಪಾ, ನಾಚಬ್ಯಾಡ. ನಾನೂ ಮುಚ್ಕೋತಿದ್ದೆ, ನಂದಾ ಕಾಲ್ ಅದ ಅಂತ ಸುಮ್ನದೀನಿ."

ಎಲ್ಲರೂ ನಕ್ಕೆವು. ವಾಂತಿ ಮಾಡಿದವನೂ ನಕ್ಕ. ಅಕ್ಕೋರು ಬಿಸಿನೀರು, ಉಪ್ಪು, ಕುದಿಸಿ ಒಣಗಿಸಿದ ಹಳೆಯ ಸೀರೆಯ ಪಟ್ಟಿ ಹಿಡಿದು ಹುಳುಗಳನ್ನು ಒಂದೊಂದಾಗಿ ತೆಗೆದರು. ಆಮೇಲೆ ದವಾಖಾನೆ, ಗುಳಿಗೆ, ವಾರ ವಾರ ತೊಳೆಯುವುದು. ಮಳೆಗಾಲ ಕಳೆದು ಚಳಿ ಬೀಳುವ ಹೊತ್ತಿಗೆ ಹುಣ್ಣು ಮಾಯಿತು. ಕಾಲು ಕಡಿಯಬೇಕು ಅಂದಿದ್ದ ಡಾಕ್ಟರೇ ಕಡಿಯುವುದು ಬೇಡ ಅಂದ. ಅಂದು ಆ ಸೊಸೆ ನಮ್ಮನ್ನು ಒಳಗೆ ಕರೆದು ಗಂಗಾಳ ಇಟ್ಟಳು. ಜೋಳದ ರೊಟ್ಟಿ, ಪುಂಡಿಪಲ್ಯ, ಕುರಿಹಾಲಿನ ಮೊಸರು. ಊರಿಂದ ಬರುವಾಗ ಟಂಟಂನಲ್ಲಿ ಒಬ್ಬ ಹುಡುಗಿ, ಅಕ್ಕೋರೇ, ಸಮೃದ್ಧ ಜೀವ ಸಮೃದ್ಧ ಜೀವ ಅಂತ ಪಾಸ್ಟರು ಹೇಳುತ್ತಾರಲ್ಲ, ಅದು ಹೇಗಿರುತ್ತದೆ ಎಂದು ಕೇಳಿದಳು.

"ಹುಣ್ಣ್ ತೊಳದ್ ಕೈಲೆ ರೊಟ್ಟಿ ಮುರದಿ. ರುಚಿ ಹತ್ತೇದಿಲ್ಲೋ?" ಅಂದರು ಅಕ್ಕೋರು.

ಹತ್ತಿತ್ತು. ಆ ಹುಡುಗಿ ಮುಂದೆ ನರ್ಸ್ ಆಗಿ ದೂರದ ಗುಡ್ಡಗಾಡಿನ ಆಸ್ಪತ್ರೆಯೊಂದಕ್ಕೆ ಹೋದಳು, ಇವತ್ತಿಗೂ ಅಲ್ಲೇ ಇದ್ದಾಳೆ. ಅವಳು ಯಾವ ಶಿಬಿರದಲ್ಲೂ ಎದ್ದು ನಿಂತವಳಲ್ಲ.

ಮರುವರ್ಷ ಸಭೆಗೆ ಪರದೇಶದ ಅತಿಥಿಗಳು ಬರುವವರಿದ್ದರು. ಮೆಚ್ಚಿದರೆ ಹೊಸ ಕಟ್ಟಡಕ್ಕೆ ನೆರವು ಕೊಡುವವರು. ಕಮಿಟಿಯ ಕಾರ್ಯದರ್ಶಿ, ಇಸ್ತ್ರಿ ಮುರಿಯದ ಅಂಗಿಯ ಆಸಾಮಿ, ಅಕ್ಕೋರ ಕೋಣೆಗೆ ಬಂದು ಕೂತ. ಆಗ ನಾನು ಅಲ್ಲೇ ಇದ್ದೆ. ಅತಿಥಿಗಳನ್ನು ಘಾಟಬೋರಾಳಕ್ಕೆ ಕರೆದೊಯ್ಯಬೇಕು, ಹುಡುಗರು ಹಾಡಬೇಕು, ಮುದುಕಿ ಕ್ಯಾಮೆರಾದ ಮುಂದೆ ಯೇಸುವಿನಿಂದ ವಾಸಿಯಾದೆ ಅನ್ನಬೇಕು. ಅದು ಅವನ ಏರ್ಪಾಡು. ಅಕ್ಕೋರು ಆಗದು ಅಂದರು. ಇಷ್ಟು ವರ್ಷದ ಸೇವೆಗೆ ಫಲ ಎಲ್ಲಿದೆ, ತೋರಿಸಬೇಕಲ್ಲ ಎಂದು ಅವನು ದನಿ ಏರಿಸಿದ.

"ಆಕಿ ಕಾಲ್ ಉಳದದಲ್ರಿ," ಅಂದರು ಅಕ್ಕೋರು.

ಕಾಲು ಫಲವೇ ಎಂದು ಅವನು ನಕ್ಕ ನಗೆ ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಆ ಹುಣ್ಣಿನಲ್ಲಿ ನಾನು ಕಂಡ ಹುಳಗಳಿಗಿಂತ ಆ ನಗೆ ಅಸಹ್ಯ. ಹೋಗುವಾಗ, ಈ ಕೋಣೆಗಳು ಸಭೆಯವು, ಸಭೆಗೆ ಬೇಕಾಗಬಹುದು ಎಂದು ಬಾಗಿಲಲ್ಲಿ ನಿಂತು ಹೇಳಿದ.

ಕೋಣೆ ಹೋದರೆ ಭಾನುವಾರದ ಚಹಾ ಹೋಯಿತು, ನಮ್ಮ ಗುಂಪು ಹೋಯಿತು. ನಾನು ಸುಮ್ಮನಿರುವ ಜಾತಿಯಲ್ಲ. ಕಾರ್ಯದರ್ಶಿಯ ಹಿಂದೆ ಬಿದ್ದು ಚೌಕಾಸಿ ಶುರು ಮಾಡಿದೆ. ವೀಡಿಯೊ ಬೇಡ ಎಂದು ಅವನನ್ನು ಒಪ್ಪಿಸಿದೆ. ಅತಿಥಿಗಳು ಊರಿಗೆ ಬರುವುದು ಬೇಡ ಎಂದೂ ಒಪ್ಪಿಸಿದೆ. ಕೊನೆಗೆ ಒಂದೇ ಒಂದು ಫೋಟೊಗೆ ಇಳಿಸಿದೆ. ಮುಖ ಇಲ್ಲ, ಬರೀ ಮಾಯ್ದ ಕಾಲು ಮತ್ತು ಅಕ್ಕೋರ ಕೈ. ಅದಕ್ಕೆ ಬದಲು ಕೋಣೆ ಅವರಿಗೇ. ಇವತ್ತಿಗೂ ಹೇಳುತ್ತೇನೆ, ಅದಕ್ಕಿಂತ ಒಳ್ಳೆಯ ಸೌದಾ ಯಾರಿಂದಲೂ ಆಗುತ್ತಿರಲಿಲ್ಲ. ಹಿಗ್ಗುತ್ತ ಹೋಗಿ ಅಕ್ಕೋರಿಗೆ ಹೇಳಿದೆ. ಅವರು ಸೆರಗು ಜಗ್ಗುತ್ತ ಪೂರ್ತಿ ಕೇಳಿದರು.

"ಛಲೋ ಸೌದಾ ಮಾಡೀದಿ ತಮ್ಮಾ. ಖರೇನ ಛಲೋ. ಆದ್ರ ಆ ಕಾಲ್ ನಂದಲ್ಲ."

ಆಮೇಲೆ ನನ್ನನ್ನು ಕೂರಿಸಿ ಬಿಡಿಸಿ ಹೇಳಿದರು. ಆ ಮನೆಯ ಅನ್ನ ಎಲ್ಲಿಂದ ಬರುತ್ತದೆ? ಗೊಬ್ಬರಕ್ಕೆಂದು ಹೊಲದವರು ಕರೆದು ತಮ್ಮ ಹೊಲದಲ್ಲಿ ಕುರಿ ತರುಬಿಸುತ್ತಾರೆ, ಅಂದರೆ ರಾತ್ರಿ ಮಂದೆ ನಿಲ್ಲಿಸಿಕೊಳ್ಳುತ್ತಾರೆ, ಅದಕ್ಕೆ ಜೋಳ ಕೊಡುತ್ತಾರೆ. ಈ ಮನೆಯವರು ಮತ ಬಿಟ್ಟರು ಎಂಬ ಗಾಳಿ ಒಮ್ಮೆ ಬೀಸಿದರೆ ಯಾವ ಹೊಲದವನೂ ಕರೆಯುವುದಿಲ್ಲ. ಫೋಟೊದಲ್ಲಿ ಮುಖ ಇಲ್ಲದಿದ್ದರೇನು, ಆ ಕಾಲು ಯಾರದು ಎಂದು ಊರಿಗೆಲ್ಲ ಗೊತ್ತು. ತೊಳೆದ ಮಾತ್ರಕ್ಕೆ ಅದನ್ನು ಕೊಡುವ ಹಕ್ಕು ತಮಗೆ ಬಂದೀತೇ ಎಂದು ಕೇಳಿದರು. ಸೌದಾ ಮುರಿಯಿತು ಎಂದು ನಾನೇ ಹೋಗಿ ಕಾರ್ಯದರ್ಶಿಗೆ ಹೇಳಿದೆ.

ಅತಿಥಿಗಳು ಬಂದು ಉಂಡು ಹೋದರು. ಕೋಣೆಗಳನ್ನು ಅತಿಥಿಗೃಹ ಮಾಡಿದರು. ಅಕ್ಕೋರು ಒಂದು ಟ್ರಂಕು, ಒಂದು ಸ್ಟೌ ಹಿಡಿದುಕೊಂಡು ಮನ್ನಾಏಖೇಳ್ಳಿಯಲ್ಲಿದ್ದ ತಂಗಿಯ ಮಗಳ ಮನೆಗೆ ಹೋದರು. ಆ ಮನೆ ರಸ್ತೆಗೆ ಅಂಟಿಕೊಂಡಿತ್ತು, ಲಾರಿಗಳ ಸದ್ದಿಗೆ ಅವರಿಗೆ ನಿದ್ದೆ ಹತ್ತುತ್ತಿರಲಿಲ್ಲ... ಆದರೂ ಬಸ್ಸು ಹಿಡಿದು ಘಾಟಬೋರಾಳಕ್ಕೆ ಹೋಗುವುದನ್ನು ಬಿಡಲಿಲ್ಲ. ಮುದುಕಿ ಸತ್ತ ಮೇಲೂ ಬಿಡಲಿಲ್ಲ. ಹುಮನಾಬಾದಿನಲ್ಲಿ ನಮ್ಮ ಗುಂಪು ಚದುರಿತು. ಅದರ ಜಾಗದಲ್ಲಿ ಗಿಟಾರಿನ ಗುಂಪು ಬಂತು. ಕೆಲವು ವರ್ಷಗಳ ಮೇಲೆ ಅಕ್ಕೋರು ತೀರಿಕೊಂಡಾಗ ಮಣ್ಣಿಗೆ ಕಮಿಟಿಯವರು ಯಾರೂ ಬರಲಿಲ್ಲ. ಆ ಮುದುಕಿಯ ಮಗ, ಕುರಿಗಾರ, ಬಂದಿದ್ದ. ಹೆಗಲ ಮೇಲಿನ ಕಂಬಳಿ ತೆಗೆದು, ದೂರ ನಿಂತು, ಕೊನೆಗೆ ಒಂದು ಹಿಡಿ ಮಣ್ಣು ಹಾಕಿ ಹೋದ.

ಇಂಥ ಹೆಂಗಸನ್ನೇ ಹೊಗೆಯೊಳಗೆ ನಿಲ್ಲಿಸಿದ್ದರು. ಶಿಬಿರದ ಆ ದಿನ ಕೂಟ ಮುಗಿದ ಕೂಡಲೇ ನಾನು ವೇದಿಕೆಯ ಹಿಂದೆ ಆ ಭಾಷಣಕಾರನನ್ನು ಹಿಡಿದೆ. ಆ ಮನೆಯಲ್ಲಿ ಒಬ್ಬರೂ ದೀಕ್ಷಾಸ್ನಾನ ತೆಗೆದುಕೊಂಡಿಲ್ಲ, ನಾನು ಕಣ್ಣಾರೆ ಕಂಡವನು ಎಂದೆ. ಅವನು ಸಿಟ್ಟಾಗಲಿಲ್ಲ. ಬೆವರು ಒರೆಸಿಕೊಳ್ಳುತ್ತ, ಹುಡುಗರ ಎದೆಗೆ ಮುಟ್ಟಬೇಕಲ್ವಾ ಅಂಕಲ್ ಅಂದ. ಕಥೆಯೇ ಬೇಕಿದ್ದರೆ ಹೇಳಿಕೋ, ಊರ ಹೆಸರು ಯಾಕೆ ಹಾಕಿದೆ ಎಂದು ಕೇಳಿದೆ.

"ಊರಿನ ಹೆಸರಿದ್ದರೆ ನಿಜ ಅನ್ನಿಸುತ್ತೆ ಅಂಕಲ್."

ನಾನು ಹಲವು ಬಗೆಯ ಮೋಸಗಾರರ ಜೊತೆ ವ್ಯವಹಾರ ಮಾಡಿದ್ದೇನೆ. ಮೋಸ ಮಾಡುವಾಗ ಅವರ ಕಣ್ಣು ಒಂದಿಷ್ಟಾದರೂ ಆಚೀಚೆ ಸರಿಯುತ್ತದೆ. ಇವನ ಕಣ್ಣು ಸರಿಯಲಿಲ್ಲ. ಅವನು ಅದನ್ನು ಸೇವೆ ಎಂದೇ ನಂಬಿದ್ದ. ಅವರು ಆಗಲೇ ಇಂಟರ್ನೆಟ್ಟಿಗೆ ಏರಿಸಿದ್ದ ಆ ಭಾಷಣದ ವೀಡಿಯೊ ತೆಗೆಯುವವರೆಗೆ ಮರುದಿನ ಪರದೆಯೂ ಇಲ್ಲ, ಮೈಕೂ ಇಲ್ಲ ಅಂದೆ. ತೆಗೆದರು. ಆದರೆ ಅಷ್ಟರಲ್ಲಿ ಅದು ಎಷ್ಟೋ ಜನರ ಮೊಬೈಲಿಗೆ ಇಳಿದಾಗಿತ್ತು.

ಹುಡುಗರೇ, ನನ್ನ ಮಾತು ಕೇಳಿ. ಮಾರುವವನು ಸರಕಿನ ಮೇಲೆ ಬೆಳಕು ಜಾಸ್ತಿ ಬಿಟ್ಟಷ್ಟೂ ನೀವು ಅದನ್ನು ಹೊರಗೆ ಬಿಸಿಲಿಗೆ ತಂದು ನೋಡಬೇಕು. ಬಟ್ಟೆಗೂ ಇದೇ ಮಾತು, ವೇದಿಕೆಯ ಮೇಲೆ ಹೇಳುವ ಸಾಕ್ಷಿಗೂ ಇದೇ ಮಾತು. ಸೇವೆಗೆ ಹೊರಡುವ ಮನಸ್ಸಿದ್ದರೆ ಹೊರಡಿ, ಯಾರು ಬೇಡ ಅಂದರು. ಆದರೆ ಮೊಬೈಲು ಮನೆಯಲ್ಲಿಟ್ಟು ಹೊರಡಿ.

ಶಿಬಿರದ ಸಾಮಾನು ಕಟ್ಟಿಸಿ ನಾನು ಘಾಟಬೋರಾಳಕ್ಕೆ ಹೋದೆ. ಕುರಿಗಾರನ ಮೀಸೆ ಬೆಳ್ಳಗಾಗಿದೆ. ಕೂರಲು ಹೊರಸು ಹಾಕಿದ, ಮೊಮ್ಮಗಳನ್ನು ಒಳಗೆ ಕಳಿಸಿದ. ನಾನು ಬಾಯಿ ಬಿಡುವ ಮೊದಲೇ ಎಲ್ಲ ಗೊತ್ತಿತ್ತು. ಹೋಟೆಲಿನಲ್ಲಿ ಯಾರೋ ವೀಡಿಯೊ ತೋರಿಸಿದ್ದರು. ವರ್ಷ ವರ್ಷ ಕುರಿ ತರುಬಿಸುತ್ತಿದ್ದ ಹೊಲದವನು, ಈ ಸಲ ಬೇಡ ಎಂದು ಫೋನು ಮಾಡಿದ್ದ. ಆ ಹೊಲದವನ ಮಗಳ ಮದುವೆಗೆ ಶಾಮಿಯಾನ ಹಾಕಿದವನು ನಾನೇ, ನನ್ನ ಮಾತು ಮೀರುವುದಿಲ್ಲ, ಈಗಲೇ ಹೋಗಿ ಮಾತಾಡುತ್ತೇನೆ ಎಂದು ಎದ್ದೆ. ಅಷ್ಟು ವರ್ಷ ನನ್ನನ್ನು ಅಣ್ಣ ಎಂದೇ ಕರೆದವನು ಆ ಕುರಿಗಾರ.

"ಬ್ಯಾಡ್ರಿ ಸಾವಕಾರ್ರ. ನೀವ್ ಹೋಗಿ ನಮ್ಮ ಪರವಾಗಿ ಮಾತಾಡಿದ್ರ ನಾವ್ ಮತ ಬಿಟ್ಟಿದ್ದು ಖರೇನ ಅದ ಅಂತಾರ. ಅಕ್ಕೋರ್ ಹಿಂಗ ಮಾಡೋರಲ್ಲ, ನಮಗ ಗೊತ್ತದ. ಆದ್ರ ನಿಮ್ಮ ಮಂದಿ ಇನ್ನ ನಮ್ಮ ಮನಿಗಿ ಬರಬ್ಯಾಡ್ರಿ."

ಕೈ ಮುಗಿದು ಹೇಳಿದ. ಬೈದಿದ್ದರೆ ಚೆನ್ನಾಗಿರುತ್ತಿತ್ತು.

ಮೊನ್ನೆ ಒಬ್ಬ ಹುಡುಗಿ ನನ್ನ ಅಂಗಡಿ ಹುಡುಕಿಕೊಂಡು ಬಂದಳು. ಹುಮನಾಬಾದಿನಲ್ಲಿ ಬಿ.ಎಸ್ಸಿ. ಓದುವವಳು, ಶಿಬಿರದಲ್ಲಿ ಎದ್ದು ನಿಂತವರಲ್ಲಿ ಒಬ್ಬಳು. ಅಂಕಲ್, ನೀವು ಆ ಅಕ್ಕೋರ ಜೊತೆ ಇದ್ದಿರಂತೆ, ಆ ಮನೆಗೆ ನನ್ನನ್ನು ಕರೆದುಕೊಂಡು ಹೋಗಿ, ಅಲ್ಲಿ ಕಸ ಹೊಡೆಯುವ ಕೆಲಸವಾದರೂ ಸರಿ ಅಂದಳು. ಮುಖ ನೋಡಿದೆ. ಗಟ್ಟಿ ಹುಡುಗಿ. ಅಕ್ಕೋರಿದ್ದಿದ್ದರೆ ಚಹಾ ಕೊಟ್ಟು ಅಂದೇ ಟಂಟಂ ಹತ್ತಿಸುತ್ತಿದ್ದರು. ನಾನು ಅವಳನ್ನು ಕೂರಿಸಿ, ಹುಳ ತೆಗೆದದ್ದರಿಂದ ಹಿಡಿದು ಕುರಿಗಾರ ಕೈ ಮುಗಿದದ್ದರವರೆಗೆ ಎಲ್ಲವನ್ನೂ ಹೇಳಿದೆ.

"ಹಂಗಾರ ನಾ ಎಲ್ಲಿಗಿ ಹೋಗ್ಲಿರಿ?" ಅಂದಳು.

ಅಂಗಡಿಗೆ ಬಂದವರಿಗೆಲ್ಲ, ಕೇಳಲಿ ಬಿಡಲಿ, ನಾಲ್ಕು ಬುದ್ಧಿಮಾತು ಹೇಳಿ ಕಳಿಸುವವನು ನಾನು. ಈ ಸುತ್ತಿನ ಪ್ರತಿಯೊಂದು ಹಳ್ಳಿಯಲ್ಲೂ ಪೆಂಡಾಲು ಹಾಕಿದ್ದೇನೆ. ಆದರೂ ಆ ಹೊತ್ತಿಗೆ ಅವಳಿಗೆ ಹೇಳಲು ಒಂದು ಮನೆಯೂ ನನಗೆ ಹೊಳೆಯಲಿಲ್ಲ.